ಹರೀತು ಅಂದೆ

ಹೊಳಿ ಹರೀತದ. ಹಗ್ಗಾನೂ ಹರೀತದ.
ನಮ್ಮ ಮಾತಿನ್ಯಾಗ ಎರಡಕ್ಕೂ ಒಂದೇ ಶಬ್ದ.
ಆ ಶಬ್ದದ ಮರೀಗೆ ಕುಂತು
ಒಂಬತ್ತು ವರ್ಷ ಆತು, ಇಮಾಮಪಟೇಲ.

ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಯಿಂದ
ನೀ ತಂದ ಕಯಾಕ್, ಕಿತ್ತಳಿ ಬಣ್ಣದ್ದು,
ಹೊಟ್ಟಿ ಮ್ಯಾಲೆ ಯಾವುದೋ ಸಮುದ್ರದ ಉಪ್ಪಿನ ಕಲಿ.
ಸುರಪುರದ ಬಸ್ ಸ್ಟ್ಯಾಂಡಿನ್ಯಾಗ ಜೀಪಿನ ನೆತ್ತಿ ಮ್ಯಾಲೆ ಅದನ್ನ ಕಂಡು
"ಹೆಣದ ಪೆಟ್ಟಿಗೇನ್ರೀ?" ಅಂದಳು ಬಾಳಿಹಣ್ಣಿನಾಕಿ.
ರುದ್ರಮುನಿ ನಕ್ಕೋತ ಅರ್ಧ ಡಜನ್ ಕೊಂಡ.

ಇಬ್ಬರು ಕೂಡೋ ದೋಣಿ, ಮೂವರು ಹೋದಿವಿ.
ತಿಂಥಣಿ ಸೇತುವಿ ದಾಟಿ ಕೆಳಗ, ನಡುಗಡ್ಡಿಗೆ ಎರಡು ಖೇಪು.
ಒಂದು ಬಂಡಿ, ಒಂದು ಜಾಲಿಗಿಡ, ಒಂದು ಕೌದಿಯಷ್ಟು ಉಸುಕು.
ಗಾಂಧಿ ಜಯಂತಿ, ಅಂಗಡಿ ಬಂದ್,
ಹಿಂಗಾಗಿ ಚಹಾ.

ಮ್ಯಾಲೆ ಚಿಕ್ಕಿ ಹುರಿಗಡಲಿ ಚೆಲ್ಲಿದಂಗ ಇದ್ದವು.
ನಮ್ಮ ಕಡಿ ಒಂದು ಹನಿ ಮಳಿ ಇಲ್ಲ.
ಮಳಿ ಮಹಾರಾಷ್ಟ್ರದಾಗ ಬಿದ್ದಿತ್ತು,
ನೀರು ಬಿಡ್ತೀವಂತ ಡಂಗುರ ಊರೂರಿಗೆ ಹೊಡದಿದ್ರು,
ನಾವು ಯಾವ ಊರಾಗೂ ಇದ್ದಿಲ್ಲ.

ಹೊಳಿ ಏರುವಾಗ ಗದ್ದಲ ಮಾಡ್ತದ ಅಂದ್ಕೊಂಡಿದ್ದೆ.
ಇಲ್ಲ. ಮೊದಲು ಸಪ್ಪಳ ನಿಂತಿತು.
ಕಲ್ಲಿನ ಸಂದಿಯ ಬುಳುಬುಳು ಒಂದೊಂದೇ ಆರಿತು.
"ಹೊಳಿ ಮಲಗಿತು" ಅಂದ ರುದ್ರಮುನಿ.
ಆಮ್ಯಾಲೆ ನನ್ನ ಚಪ್ಪಲಿ ತಾವೇ ನಡದು ಹೋದವು,
ಅದರ ಹಿಂದ ಚರಿಗಿ,
ಅದರ ಹಿಂದ ಕಿತ್ತಳಿ ಬಣ್ಣ.

ಅವ ಜಿಗದ.
ಬ್ಯಾಡಂತ ಒದರಿದವ ನೀನು, ನಾನಲ್ಲ.
ಕತ್ತಲದಾಗ ಬಂಡಿಗೆ ಬಡದದ್ದು ಭುಜ ಅಂತ
ಆಗ ಗೊತ್ತಿಲ್ಲ. ಕೊಡ ಒಡದಂಗ ಕೇಳಿತ್ತು.
ಎಳಕೊಂಡು ಮ್ಯಾಲೆ ತಂದಿವಿ.
ಬೆಳತನಾ ಜಾಲಿಗಿಡದ ಬುಡದಾಗ ನಿಂತು,
ಮುಳ್ಳು ಬೆನ್ನಿಗೆ, ನೀರು ಮೊಣಕಾಲಿಗೆ,
"ಅಗ್ಗದ ಹಗ್ಗ ತಂದೆ, ಅಗ್ಗದ ಹಗ್ಗ" ಅಂತ
ನೀನು ತಸಬಿ ಎಣಿಸಿದಂಗ ಹೇಳ್ಕೋತ ಇದ್ದಿ.
"ಹರೀತಲ್ಲ" ಅಂದಿ.
ಹರೀತು, ಅಂದೆ.

ಬೆಳಗಾಗೂದ್ರಾಗ ಹರಗೋಲು ಗರಗರ ತಿರಗಿಸ್ಕೋತ ಅಯ್ಯಾಳಪ್ಪ ಬಂದ.
ಬೈಯಲಿಲ್ಲ. ಬೀಡಿ ಕೊಟ್ಟ.
ಗಿಡದ ಬುಡಕ್ಕ ಬಗ್ಗಿ, ನೀರಾಗ ತೇಲೋ ಹಗ್ಗ ಎಳದ.
ತುದಿ ಬೆರಳಾಗ ಹಿಡದು ನೋಡಿದ.
ಹರದ ಹಗ್ಗಕ್ಕ ಮೀಸಿ ಇರ್ತಾವ.
ಇದರ ತುದಿ, ಅಂಗಡಿಯಾಂವ ಕಡ್ಡಿ ಗೀರಿ ಸುಟ್ಟಿದ್ದು,
ಕರೀ ಮಣಿಯಂಗ ಗಟ್ಟಿ ಇತ್ತು.
ಸುತ್ತಿ ನನ್ನ ತೊಡಿ ಮ್ಯಾಲೆ ಇಟ್ಟ.
"ಹಗ್ಗ ಚಲೋ ಅದ" ಅಂದ.
ನೀನು ರುದ್ರಮುನಿಯ ತಲಿ ಹಿಡದು ಕುಂತಿದ್ದಿ,
ಕೇಳಿಸಲಿಲ್ಲ.

ದೋಣಿ ಮೂರನೇ ದಿನಕ್ಕ ಗೂಗಲ್‌ನಾಗ ಸಿಕ್ಕಿತು.
ಫೋನಿನ ಗೂಗಲ್ ಅಲ್ಲ, ಹೊಳಿ ದಂಡಿಯ ಊರು.
ಬ್ಯಾರೇಜಿನ ಕಸದಾಗ, ಒಂದು ಪರಚೂ ಇಲ್ದೆ.

ರುದ್ರಮುನಿ ಈಗ ಬೋರ್ಡಿನ ಕೆಳಗಿನ ಅರ್ಧದಾಗ ಬರೀತಾನ.
ಬಲಗೈ ಭುಜದ ಮ್ಯಾಲೆ ಏಳಂಗಿಲ್ಲ.
ಎತ್ತರದ ಹುಡುಗರು ಮುಂದ ಕುಂತ್ರ
ಹಿಂದಿನವರಿಗೆ ಭೂಪಟದಾಗ ಬರೇ ಕಾಶ್ಮೀರ ಕಾಣ್ತದಂತ, ಅವನೇ ನಗ್ತಾನ.
ಪ್ರತಿ ತಿಂಗಳು ನೀನು ಅವನ್ನ ಕಲಬುರಗಿಗೆ ಒಯ್ತಿ,
ಡಾಕ್ಟರ್ ಫೀ ನೀನೇ ಕೊಡ್ತಿ, ರಸೀದಿ ತೋರಸೂದಿಲ್ಲ.
ದೋಣಿ ಮಾರಿದ್ದು, ಆಮ್ಯಾಲೆ ಜೀಪ್ ಮಾರಿದ್ದು
ನಾ ಕೇಳಲಿಲ್ಲ, ನೀ ಹೇಳಲಿಲ್ಲ.

ಹಗ್ಗ ನಮ್ಮ ಮಾಳಗಿ ಮ್ಯಾಲೆ ಅದ.
ಮಗಳ ಯೂನಿಫಾರ್ಮ್, ನನ್ನ ಬನಿಯನ್, ಸೀರಿ ಎಲ್ಲಾ ಹೊರ್ತದ.
ಒಂಬತ್ತು ಬ್ಯಾಸಗಿ ಕಂಡರೂ ಎಳಿ ಬಿಟ್ಟಿಲ್ಲ.

ಇಮಾಮ್,
ಗಿಡಕ್ಕ ಒಂದು ತುದಿ ಕಟ್ಟಿದ್ದೆ.
ಇನ್ನೊಂದು ದೋಣಿ ಬಳಿಗೆ ಹಾಕಬೇಕು ಅನ್ನೂದ್ರಾಗ
ಚಹಾ ಉಕ್ಕಿತು.
ಎದ್ದು ಹೋದೆ. ಸಕ್ಕರಿ ಹೆಚ್ಚಾತು ಅಂದಿ ನೀನು.
ಅದೇ ಮಾತು ಹಿಡಕೊಂಡು ನಕ್ಕಿವಿ, ಮರತೆ.

ಇಷ್ಟು ಬರಿಯೋದ್ರಾಗ ಇಲ್ಲೂ ಒಲಿ ಮ್ಯಾಲೆ
ಚಹಾ ಅಂಚಿಗೆ ಬಂದದ.
ಉಕ್ಕಲಿ.
ಈ ಸಲ ಏಳೂದಿಲ್ಲ.